ರಕ್ತಹೀನತೆಯನ್ನು ಗುರುತಿಸುವ ಬಗೆ

(ಮಹಿಳಾ ಮಂಡಳಿಯವರೂ ರೈತರೂ ಕೂಡಿದ ಸಭೆಯಲ್ಲಿ ವೈದ್ಯರೊಬ್ಬರು ಮಾಡಿದ ಭಾಷಣ. ಸಭೆಗೆ ಬರಲಾಗದ ಓದುಗರ ಸಲುವಾಗಿ ಇಲ್ಲಿ ಅಚ್ಚು ಮಾಡಿದೆ.)



ಕೊಟ್ಟಿಗೆಯಲ್ಲಿ ಕಟ್ಟಿದ ಹಸು ಒಂದು ಹೊತ್ತು ಮೇವು ಬಿಟ್ಟರೆ ನೀವು ಒಡನೆಯೇ ಗುರುತಿಸುತ್ತೀರಿ. ಅದರ ಕಿವಿ ಮುಟ್ಟಿ ನೋಡುತ್ತೀರಿ, ಮೂಗು ಒಣಗಿದೆಯೆ ಎಂದು ನೋಡುತ್ತೀರಿ, ರೆಪ್ಪೆ ಬಿಡಿಸಿ ಕಣ್ಣು ನೋಡುತ್ತೀರಿ. ಅದೇ ಮನೆಯ ಸೊಸೆ ಆರು ತಿಂಗಳಿಂದ ಬಿಳಿಚಿಕೊಂಡು, ನೀರಿನ ಕೊಡ ಹೊತ್ತು ಬರುವಾಗ ದಾರಿಯಲ್ಲಿ ಎರಡು ಕಡೆ ನಿಂತು ಏದುಸಿರು ಬಿಡುತ್ತಿದ್ದರೆ ಮಾತ್ರ, “ಅವಳ ಮೈಯೇ ಅಂಥಾದ್ದು” ಎಂದು ಸುಮ್ಮನಾಗುತ್ತೇವೆ. ಅವಳೂ ಹಾಗೆಯೇ ನಂಬಿರುತ್ತಾಳೆ. ಹಸುವಿನ ಕಣ್ಣು ನೋಡುವಷ್ಟು ಆಸ್ಥೆಯಿಂದ ಮನೆಯವರ ಕಣ್ಣನ್ನೂ ನೋಡುವುದು ಹೇಗೆ, ನೋಡಿದ ಮೇಲೆ ಏನು ಮಾಡಬೇಕು ಎಂಬುದೇ ಇಂದು ನಾನು ಹೇಳಬೇಕೆಂದಿರುವ ವಿಷಯ.

ಇದು ಎಲ್ಲೋ ಒಬ್ಬಿಬ್ಬರ ತೊಂದರೆಯಲ್ಲ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 47.8 ಮಂದಿಗೆ ರಕ್ತ ಕಡಮೆಯಿದ್ದುದು ಕಂಡುಬಂತು. 6 ತಿಂಗಳು ತುಂಬಿ 5 ವರ್ಷ ತುಂಬದ ಮಕ್ಕಳಲ್ಲಿ ನೂರಕ್ಕೆ 65.5. ಗಂಡಸರಲ್ಲಿಯೂ ಹೆಚ್ಚು ಕಡಮೆ ಐವರಿಗೆ ಒಬ್ಬರಂತೆ. ಈ ಸಭೆಯಲ್ಲಿ ಕುಳಿತ ತಾಯಂದಿರನ್ನು ಎರಡು ಸಾಲು ಮಾಡಿದರೆ ಒಂದು ಸಾಲು ರಕ್ತ ಸಾಲದವರದು ಎಂದಾಯಿತು. ಅಕ್ಕಪಕ್ಕದವರೆಲ್ಲ ಬಿಳಿಚಿಕೊಂಡಿದ್ದಾಗ ಬಿಳಿಚುವುದೇ ಸಹಜ ಬಣ್ಣವೆಂದು ತೋರುತ್ತದೆ. ರೋಗ ಕಣ್ಣಿಗೆ ಬೀಳದಿರಲು ಇದೇ ಮುಖ್ಯ ಕಾರಣ.

ಮೊದಲು ರಕ್ತವೆಂದರೆ ಏನೆಂಬುದನ್ನು ಸ್ವಲ್ಪ ತಿಳಿಯೋಣ. ಬೆಳೆದ ಮನುಷ್ಯನ ಮೈಯಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ನೋಡುವುದಕ್ಕೆ ಕೆಂಪು ನೀರಿನಂತೆ ಕಂಡರೂ ಅದರ ತುಂಬ ಕಣಗಳು. ಸಾಸಿವೆ ಕಾಳಿನಷ್ಟು ರಕ್ತದಲ್ಲಿ 40-50 ಲಕ್ಷ ಕೆಂಪು ಕಣಗಳುಂಟು. ಇವುಗಳೊಳಗೆ ಹೀಮೊಗ್ಲೋಬಿನ್ ಎಂಬ ವಸ್ತುವಿದೆ. ಕಬ್ಬಿಣ ಸೇರಿ ಆದ ಈ ವಸ್ತುವೇ ರಕ್ತಕ್ಕೆ ಕೆಂಪು ಬಣ್ಣ ಕೊಡುವುದು, ಇದೇ ನಾವು ಉಸಿರಿನೊಡನೆ ಎಳೆದುಕೊಂಡ ಆಮ್ಲಜನಕವನ್ನು ಹೊತ್ತು ಮೈಯ ಮೂಲೆಮೂಲೆಗೆ ಮುಟ್ಟಿಸುವುದು. ಕೆಂಪು ಕಣವನ್ನು ಗಾಡಿ ಎಂದುಕೊಳ್ಳಿ, ಆಮ್ಲಜನಕವೇ ಅದರ ಹೇರು. ಗಾಡಿಗಳು ಕಡಮೆಯಾದರೆ, ಇರುವ ಗಾಡಿಗಳೇ ಹೆಚ್ಚು ಸಲ ಓಡಾಡಬೇಕು. ಆದುದರಿಂದ ಎದೆ ಬೇಗಬೇಗ ಬಡಿದುಕೊಳ್ಳುತ್ತದೆ, ಉಸಿರು ಮೇಲಕ್ಕೆ ಹತ್ತುತ್ತದೆ. ಒಂದು ಕೆಂಪು ಕಣದ ಆಯುಸ್ಸು ಸುಮಾರು 120 ದಿನ. ಎಲುಬಿನ ಒಳಗಿನ ಮಜ್ಜೆ ಹಗಲಿರುಳೂ ಹೊಸ ಕಣಗಳನ್ನು ಮಾಡುತ್ತಲೇ ಇರಬೇಕು. ಅದಕ್ಕೆ ಸಾಮಾನು ಬೇಕು: ಕಬ್ಬಿಣ, ಫೋಲಿಕ್ ಆಮ್ಲ, ಬಿ-12 ಜೀವಸತ್ವ. ಸಾಮಾನು ಸಾಲದಿದ್ದರೂ, ಮಾಡಿದ ರಕ್ತ ಸೋರಿಹೋದರೂ, ಮಾಡುವ ಕಣವೇ ಹುಟ್ಟಿನಿಂದ ದೋಷದ್ದಾದರೂ ಹೊರಗೆ ಕಾಣುವುದು ಒಂದೇ ಬಿಳಿಚಿದ ಮುಖ. ರಕ್ತಹೀನತೆ ಎಂಬುದು ಒಂದು ರೋಗದ ಹೆಸರಲ್ಲ, ಹಲವು ರೋಗಗಳ ಗುರುತು. ಈ ಮಾತನ್ನು ದಯವಿಟ್ಟು ನೆನಪಿಡಿ, ಮುಂದೆ ಬೇಕಾಗುತ್ತದೆ.

ಗುರುತಿಸುವುದು ಹೇಗೆ? ಬೆಳಕಿಗೆ ಕೂಡಿಸಿ ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು ಒಳಭಾಗ ನೋಡಿ. ಅದು ಕೆಂಪಗಿರಬೇಕು, ಬೂದಿ ಬಣ್ಣಕ್ಕೆ ತಿರುಗಿರಬಾರದು. ನಾಲಗೆ ನೋಡಿ, ಉಗುರಿನ ಅಡಿಯನ್ನು ನೋಡಿ, ಅಂಗೈ ಬಿಚ್ಚಿಸಿ ರೇಖೆಗಳನ್ನು ನೋಡಿ. ಮೈಬಣ್ಣ ಕಪ್ಪೇ ಇರಲಿ ಕೆಂಪೇ ಇರಲಿ, ಈ ನಾಲ್ಕು ಜಾಗಗಳು ಮೋಸ ಮಾಡುವುದು ಕಡಮೆ. ಕಬ್ಬಿಣದ ಕೊರತೆ ಬಹಳ ದಿನ ನಡೆದಿದ್ದರೆ ಉಗುರು ಉಬ್ಬುವ ಬದಲು ಚಮಚದಂತೆ ತಗ್ಗಾಗುತ್ತದೆ. ಅದರ ಮೇಲೆ ಒಂದು ಹನಿ ನೀರು ಬಿಟ್ಟರೆ ಹರಿದುಹೋಗದೆ ನಿಲ್ಲುತ್ತದೆ. ತುಟಿಯ ಕೊನೆ ಒಡೆಯುತ್ತದೆ, ತಲೆ ಸುತ್ತುತ್ತದೆ, ಸಂಜೆಯಾದರೆ ಕೆಲವರಿಗೆ ಪಾದ ಊದುತ್ತದೆ. ಮಗು ಮೂಲೆ ಹಿಡಿದು ಕೂರುತ್ತದೆ, ಪಾಠದಲ್ಲಿ ಮನಸ್ಸು ನಿಲ್ಲದು. ಮೇಷ್ಟರು ಮಂಕ ಎನ್ನುತ್ತಾರೆ, ಅಪ್ಪ ಸೋಮಾರಿ ಎನ್ನುತ್ತಾನೆ, ಪರೀಕ್ಷೆ ಮಾಡಿದರೆ ಹೀಮೊಗ್ಲೋಬಿನ್ 8 ಇರುತ್ತದೆ.

ಇನ್ನೊಂದು ಗುರುತನ್ನು ಹೆಂಗಸರು ಮುಚ್ಚಿಡುತ್ತಾರೆ. ಮಣ್ಣು, ಬಳಪ, ಒಲೆಯ ಬೂದಿ, ಹಸಿ ಅಕ್ಕಿ ತಿನ್ನಬೇಕೆಂಬ ಚಪಲ. ಮಕ್ಕಳು ತಿಂದರೆ ಬಡಿಯುತ್ತೇವೆ, ಬಸುರಿ ತಿಂದರೆ ಬಯಕೆ ಎಂದು ನಗುತ್ತೇವೆ. ಎರಡೂ ಸರಿಯಲ್ಲ. ಕಬ್ಬಿಣ ಕಡಮೆಯಾದವರಲ್ಲಿ ಈ ಚಪಲ ಹೆಚ್ಚು. ರಕ್ತ ಸರಿಹೋದಾಗ ಎಷ್ಟೋ ಮಂದಿಗೆ ಅದು ತಾನಾಗಿಯೇ ಬಿಟ್ಟುಹೋಗುತ್ತದೆ. ಬಳಪ ಕಚ್ಚುವ ಹುಡುಗಿ ಕಂಡರೆ ಕೈಯಿಂದ ಕಿತ್ತುಕೊಳ್ಳುವುದಕ್ಕೆ ಮೊದಲು ಅವಳ ಕಣ್ಣಿನ ರೆಪ್ಪೆ ನೋಡಿ.

ಕಣ್ಣಿನ ಅಳತೆ ಅನುಮಾನಕ್ಕೆ ಸಾಕು, ತೀರ್ಮಾನಕ್ಕೆ ಸಾಲದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬೆರಳ ತುದಿಯ ಒಂದು ಹನಿಯಲ್ಲಿ ಹೀಮೊಗ್ಲೋಬಿನ್ ಎಷ್ಟೆಂದು ಹೇಳುತ್ತಾರೆ. 100 ಮಿಲಿಲೀಟರ್ ರಕ್ತಕ್ಕೆ ಗಂಡಸರಲ್ಲಿ 13 ಗ್ರಾಂ, ಬಸುರಿಯಲ್ಲದ ಹೆಂಗಸರಲ್ಲಿ 12, ಬಸುರಿಯರಲ್ಲಿ 11 ಇರಬೇಕು. ಬಸುರಿಗೆ 7ಕ್ಕಿಂತ ಕೆಳಗಿಳಿದರೆ ಅದು ಅಪಾಯದ ಮಟ್ಟ. ಆಗ ಮಾತ್ರೆಯನ್ನು ನೆಚ್ಚಿ ಮನೆಯಲ್ಲಿ ಕೂರಬಾರದು, ದೊಡ್ಡ ಆಸ್ಪತ್ರೆಗೆ ಹೋಗಬೇಕು. ನಿಮ್ಮ ಹೊಲದ ಸರ್ವೆ ನಂಬರು ನಿಮಗೆ ಬಾಯಿಪಾಠವಿದೆ. ಮನೆಯ ಪ್ರತಿಯೊಬ್ಬರ ಈ ಒಂದು ಅಂಕಿಯೂ ಹಾಗೆಯೇ ನೆನಪಿರಲಿ.

ಇನ್ನು ಕಾರಣಗಳಿಗೆ ಬರುತ್ತೇನೆ. ನಮ್ಮ ಹಳ್ಳಿಗಳಲ್ಲಿ ಹೆಚ್ಚಾಗಿ ಕಾಣುವುದು ಕಬ್ಬಿಣದ ಕೊರತೆ. ಲೆಕ್ಕ ನೋಡಿ. ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣವಿದೆ. ಮುಟ್ಟಿನ ದಿನಗಳಲ್ಲಿ 40 ಮಿಲಿಲೀಟರ್ ಹೋದರೆ 20 ಮಿಲಿಗ್ರಾಂ ಹೋಯಿತು. ಒಂದು ಬಸಿರು ದಾಟುವುದಕ್ಕೆ ಸುಮಾರು 1,000 ಮಿಲಿಗ್ರಾಂ ಹೆಚ್ಚಾಗಿ ಬೇಕು. ಬರುವ ದಾರಿಯೋ ಬಹಳ ಇಕ್ಕಟ್ಟು. ಊಟದಿಂದ ಮೈ ಒಂದು ದಿನಕ್ಕೆ ಎಳೆದುಕೊಳ್ಳುವುದು ಸಾಧಾರಣವಾಗಿ 1-2 ಮಿಲಿಗ್ರಾಂ ಮಾತ್ರ. ಖರ್ಚು ಗಂಡಸಿಗಿಂತ ಹೆಣ್ಣಿಗೆ ಹೆಚ್ಚು. ಊಟಕ್ಕೆ ಕೂರುವ ಸರದಿಯಲ್ಲಿ ಮಾತ್ರ ಅವಳು ಕೊನೆ. ಗಂಡ, ಮಾವ, ಮಕ್ಕಳು ಉಂಡ ಮೇಲೆ ತಪ್ಪಲೆಯ ತಳದಲ್ಲಿ ಉಳಿದ ತಿಳಿಸಾರು ಅವಳ ಪಾಲು. ಕಾಳು ಮೊದಲ ಪಂಕ್ತಿಗೇ ಹೋಗಿರುತ್ತದೆ. ಈ ಪದ್ಧತಿಯನ್ನು ಯಾವ ಮಾತ್ರೆಯೂ ಬದಲಿಸಲಾರದು, ಮನೆಯ ಯಜಮಾನರು ಬದಲಿಸಬೇಕು. ಎಲ್ಲರೂ ಒಟ್ಟಿಗೆ ಕೂತು ಉಂಡರೆ ಖರ್ಚು ಒಂದು ಕಾಸೂ ಹೆಚ್ಚಾಗುವುದಿಲ್ಲ.

ಯಾವ ಊಟ ಒಳ್ಳೆಯದು? ರಾಗಿ, ಹುರುಳಿ, ಅಲಸಂದೆ, ಕಡಲೆ, ನುಗ್ಗೆಸೊಪ್ಪು, ದಂಟಿನ ಸೊಪ್ಪು ಇವೆಲ್ಲ ನಮ್ಮ ಹಿತ್ತಿಲಲ್ಲೂ ಹೊಲದಲ್ಲೂ ಬೆಳೆಯುವಂಥವು. ಆದರೆ ಕಾಳು ಸೊಪ್ಪುಗಳಲ್ಲಿರುವ ಕಬ್ಬಿಣ ಜಿಪುಣನ ಕೈಯ ಹಣದಂತೆ, ಸುಲಭವಾಗಿ ಬಿಡುವುದಿಲ್ಲ. ಬಿಡಿಸಿಕೊಳ್ಳುವ ಉಪಾಯಗಳುಂಟು. ಊಟದ ಜೊತೆ ನಿಂಬೆಹುಳಿ, ನೆಲ್ಲಿಕಾಯಿ, ಸೀಬೆಹಣ್ಣು ಇದ್ದರೆ ಅದರ ಸಿ ಜೀವಸತ್ವ ಕಬ್ಬಿಣವನ್ನು ಕರಗಿಸಿ ಒಳಕ್ಕೆ ಬಿಡುತ್ತದೆ. ಕಾಳನ್ನೂ ರಾಗಿಯನ್ನೂ ಮೊಳಕೆ ಕಟ್ಟಿದರೆ ಅಡ್ಡಿಮಾಡುವ ಅಂಶ ಕಡಮೆಯಾಗುತ್ತದೆ. ಹುಳಿ ಬಿದ್ದ ಪಲ್ಯವನ್ನು ಕಬ್ಬಿಣದ ಬಾಣಲೆಯಲ್ಲಿ ಮಾಡಿದರೆ ಬಾಣಲೆಯೂ ಸ್ವಲ್ಪ ಕಬ್ಬಿಣ ಕೊಡುತ್ತದೆ. ಅಟ್ಟ ಸೇರಿದ ಅಜ್ಜಿಯ ಬಾಣಲೆಯನ್ನು ಕೆಳಗಿಳಿಸಿ ಎಂದು ನಾನು ಹೋದಲ್ಲೆಲ್ಲ ಹೇಳುತ್ತೇನೆ. ಇದಕ್ಕೆ ವಿರುದ್ಧವಾದದ್ದು ಉಂಡ ಕೂಡಲೆ ಕುಡಿಯುವ ಕಾಫಿ, ಚಹ. ಅದರ ಒಗರು ಕಬ್ಬಿಣವನ್ನು ಹಿಡಿದು ಹೊರಕ್ಕೆ ಹಾಕುತ್ತದೆ. ಕುಡಿಯಲೇಬೇಕಾದರೆ ಒಂದು ಗಂಟೆ ತಡೆದು ಕುಡಿಯಿರಿ. ಮಾಂಸ, ಈಲಿ, ಮೀನು ತಿನ್ನುವವರಿಗೆ ಅವುಗಳ ಕಬ್ಬಿಣ ಸುಲಭವಾಗಿ ದಕ್ಕುತ್ತದೆ.

ಒಂದು ಭ್ರಮೆಯನ್ನು ಇಲ್ಲಿಯೇ ಬಿಡಿಸಿಬಿಡುತ್ತೇನೆ. ಕೆಂಪಗಿರುವುದೆಲ್ಲ ರಕ್ತವಾಗುತ್ತದೆಂದು ಬೀಟ್‌ರೂಟನ್ನೂ ದಾಳಿಂಬೆಯನ್ನೂ ದುಡ್ಡು ಕೊಟ್ಟು ತರುತ್ತಾರೆ. ಅವು ಒಳ್ಳೆಯ ಪದಾರ್ಥಗಳೇ, ಬೇಡವೆನ್ನುವುದಿಲ್ಲ. ಆದರೆ 100 ಗ್ರಾಂ ಬೀಟ್‌ರೂಟಿನಲ್ಲಿ ಒಂದು ಮಿಲಿಗ್ರಾಂ ಕಬ್ಬಿಣವೂ ಇಲ್ಲ. ಬಣ್ಣ ಬೇರೆ, ಸತ್ವ ಬೇರೆ. ಅದಕ್ಕಿಂತ ಬೇಲಿಯ ನುಗ್ಗೆಸೊಪ್ಪು ಮೇಲು, ಅದು ಪುಕ್ಕಟೆ ಸಿಗುತ್ತದೆ ಎಂಬುದೇ ಅದರ ದೊಡ್ಡ ದೋಷವೆಂದು ಕಾಣುತ್ತದೆ!

ಒಳಗೆ ಬಂದದ್ದನ್ನು ಕದಿಯುವ ಕಳ್ಳನೊಬ್ಬನಿದ್ದಾನೆ, ಕೊಕ್ಕೆಹುಳು. ಉದ್ದ ಸುಮಾರು ಒಂದು ಸೆಂಟಿಮೀಟರು. ಈ ಹುಳು ಬಾಯಿಯಿಂದಲೇ ಬರುತ್ತದೆಂದು ಬಹಳ ಕಾಲ ನಂಬಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈಜಿಪ್ಟಿನ ಕೈರೋದಲ್ಲಿ ಆರ್ಥರ್ ಲೂಸ್ ಎಂಬ ವಿಜ್ಞಾನಿಯ ಕೈ ಮೇಲೆ ಹುಳುವಿನ ಮರಿಗಳಿದ್ದ ನೀರು ಚೆಲ್ಲಿತು. ಆ ಜಾಗ ಉರಿಯಿತು, ಕೆಲವು ವಾರಗಳ ಮೇಲೆ ಅವರ ಮಲದಲ್ಲಿಯೇ ಮೊಟ್ಟೆಗಳು ಕಂಡವು. ಅಲ್ಲಿಂದ ಚರ್ಮದ ದಾರಿ ಬೆಳಕಿಗೆ ಬಂತು. ಬಯಲಿನಲ್ಲಿ ಮಲ ಬಿದ್ದರೆ ಅದರಲ್ಲಿನ ಮೊಟ್ಟೆ ನೆರಳಿನ ತೇವದ ಮಣ್ಣಿನಲ್ಲಿ ಮರಿಯಾಗುತ್ತದೆ. ಬರಿಗಾಲು ಅದನ್ನು ಮೆಟ್ಟಿದರೆ ಬೆರಳ ಸಂದಿಯ ಚರ್ಮವನ್ನು ಕೊರೆದು ಒಳಹೋಗುತ್ತದೆ. ರಕ್ತದಲ್ಲಿ ಶ್ವಾಸಕೋಶಕ್ಕೆ ಹೋಗಿ, ಗಂಟಲಿಗೆ ಏರಿ, ನುಂಗಿದಾಗ ಕರುಳಿಗೆ ಇಳಿದು ಅಲ್ಲಿ ಕಚ್ಚಿಕೊಂಡು ಕೂರುತ್ತದೆ. ನಮ್ಮ ದಕ್ಷಿಣದಲ್ಲಿ ಹೆಚ್ಚಾಗಿರುವ ಜಾತಿಯ ಒಂದು ಹುಳು ದಿನಕ್ಕೆ ಕುಡಿಯುವುದು 0.03 ಮಿಲಿಲೀಟರ್ ರಕ್ತ. ಅಷ್ಟೇ ತಾನೆ ಎನ್ನಬೇಡಿ. ಹೊಟ್ಟೆಯಲ್ಲಿ ನೂರು ಹುಳುಗಳಿದ್ದರೆ ದಿನಕ್ಕೆ 3 ಮಿಲಿಲೀಟರ್, ತಿಂಗಳಿಗೆ 90, ಹತ್ತಿರ ಹತ್ತಿರ ಒಂದು ಲೋಟ ಕಾಫಿಯಷ್ಟು. ಊಟದಿಂದ ದಕ್ಕಿದ ಕಬ್ಬಿಣವೆಲ್ಲ ಅದಕ್ಕೇ ಸರಿಹೋಯಿತು. ಹೀಗೆ ಸೋರುವ ಮಡಕೆಗೆ ಎಷ್ಟು ನೀರು ಹೊಯ್ದರೇನು?

ಕಳ್ಳನನ್ನು ಓಡಿಸುವುದು ಕಷ್ಟವಲ್ಲ. ಆಲ್ಬೆಂಡಜೋಲ್ 400 ಮಿಲಿಗ್ರಾಂ ಮಾತ್ರೆ ಒಂದೇ ಸಲ. 1ರಿಂದ 2 ವರ್ಷದ ಕೂಸಿಗೆ ಅರ್ಧ ಮಾತ್ರೆ, ಪುಡಿಮಾಡಿ ನೀರಿನಲ್ಲಿ. 2015ರಲ್ಲಿ ಆರಂಭವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಅಂಗನವಾಡಿ ಶಾಲೆಗಳಲ್ಲಿ ಇದನ್ನು ಪುಕ್ಕಟೆಯಾಗಿ ನುಂಗಿಸುತ್ತಾರೆ. ಆ ದಿನ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳಬೇಡಿ. ಬಸುರಿಯರು ಮಾತ್ರ ಮೊದಲ ಮೂರು ತಿಂಗಳು ತೆಗೆದುಕೊಳ್ಳಬಾರದು, ಆಮೇಲೆ ವೈದ್ಯರನ್ನು ಕೇಳಿ ತೆಗೆದುಕೊಳ್ಳಬಹುದು. ಕಕ್ಕಸನ್ನು ಕಟ್ಟಿಸಿ ಅದರಲ್ಲಿ ಸೌದೆ ತುಂಬಿದವರಿಗೆ ಒಂದು ಮಾತು: ಕಕ್ಕಸು ಉಪಯೋಗವಾಗದಿದ್ದರೆ ಮಾತ್ರೆ ನುಂಗಿದ ಮಗು ನಾಳೆ ಮತ್ತೆ ಅದೇ ಮಣ್ಣು ಮೆಟ್ಟಿ ಅದೇ ಹುಳುವನ್ನು ತರುತ್ತದೆ.

ಎರಡನೆಯ ಬಗೆಯ ರಕ್ತಹೀನತೆಯಲ್ಲಿ ಕಣಗಳು ಸಣ್ಣಗಾಗುವ ಬದಲು ಅಳತೆಮೀರಿ ದೊಡ್ಡವಾಗುತ್ತವೆ, ಆದರೆ ಪಕ್ವವಾಗುವುದಿಲ್ಲ. ಇದು ಫೋಲಿಕ್ ಆಮ್ಲ ಅಥವಾ ಬಿ-12 ಕೊರತೆಯಿಂದ ಬರುವಂಥದು. ಇದರ ಕಥೆಯಲ್ಲಿ ನಮ್ಮ ದೇಶಕ್ಕೆ ಸಂಬಂಧವುಂಟು. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬಯಿಗೆ ಬಂದು, ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಬಸುರಿಯರನ್ನು ಕಾಡುತ್ತಿದ್ದ ಕಠಿಣ ರಕ್ತಹೀನತೆಯನ್ನು ಪರಿಶೀಲಿಸಿದರು. ಯೀಸ್ಟಿನ ಸಾರ ಕೊಟ್ಟರೆ ಅದು ವಾಸಿಯಾಗುತ್ತದೆಂದು ಕಂಡು 1931ರಲ್ಲಿ ಪ್ರಕಟಿಸಿದರು. ಆ ಸಾರದಲ್ಲಿದ್ದ ಗುಣವಸ್ತುವೇ ಫೋಲಿಕ್ ಆಮ್ಲವೆಂದು ಮುಂದೆ ಗೊತ್ತಾಯಿತು. ಅದನ್ನು 1945ರಲ್ಲಿ ಪ್ರಯೋಗಶಾಲೆಯಲ್ಲಿ ತಯಾರಿಸಿ ಜಗತ್ತಿಗೆ ಕೊಟ್ಟ ತಂಡದ ಮುಖ್ಯರು ಆಂಧ್ರದ ಭೀಮಾವರದಲ್ಲಿ ಹುಟ್ಟಿ ಅಮೆರಿಕದಲ್ಲಿ ದುಡಿದ ಯಲ್ಲಾಪ್ರಗಡ ಸುಬ್ಬರಾವ್. ಅವರು ಒಡಹುಟ್ಟಿದವರನ್ನು ಸ್ಪ್ರೂ ಎಂಬ ಬೇಧಿರೋಗಕ್ಕೆ ಕಳೆದುಕೊಂಡಿದ್ದರು. ಆ ರೋಗಕ್ಕೂ ಫೋಲಿಕ್ ಆಮ್ಲ ಔಷಧವಾಯಿತು. ಇಂದು ಬಸುರಿಯರಿಗೆ ಕೊಡುವ ಕೆಂಪು ಮಾತ್ರೆಯೊಳಗೆ ಕಬ್ಬಿಣದ ಜೊತೆಗೆ ಇದೂ ಇದೆ. ಹಸಿರು ಸೊಪ್ಪಿನಲ್ಲಿ ಫೋಲಿಕ್ ಆಮ್ಲದ ಬಗೆಯ ಸತ್ವ ಧಾರಾಳ, ಆದರೆ ಬಹಳ ಹೊತ್ತು ಕುದಿಸಿ ನೀರು ಬಸಿದು ಚೆಲ್ಲಿದರೆ ಬಹುಪಾಲು ಚೆಲ್ಲಿದಂತೆಯೇ.

ಬಿ-12 ಗಿಡಮರಗಳಲ್ಲಿ ಸಿಗುವುದಿಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳಲ್ಲಿದೆ. ಹಾಲನ್ನೆಲ್ಲ ಡೈರಿಗೆ ಹಾಕಿ ಮನೆಯವರು ಕರಿಕಾಫಿ ಕುಡಿಯುವ ಸಸ್ಯಾಹಾರಿ ಮನೆಗಳಲ್ಲಿ ಈ ಕೊರತೆ ಬರುವುದುಂಟು. ವಯಸ್ಸಾದವರಲ್ಲಿಯೂ, ಸಕ್ಕರೆಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಂಡವರಲ್ಲಿಯೂ ಬರಬಹುದು. ನಾಲಗೆ ನುಣ್ಣಗೆ ಕೆಂಪಾಗಿ ಉರಿಯುತ್ತದೆ, ಬೆರಳ ಗಿಣ್ಣುಗಳು ಕಪ್ಪಾಗುತ್ತವೆ, ಪಾದ ಜೋಮು ಹಿಡಿದಂತಿರುತ್ತದೆ, ಕತ್ತಲಲ್ಲಿ ನಡೆದರೆ ತೂಕ ತಪ್ಪುತ್ತದೆ. ಈ ಜೋಮನ್ನು ಮುಪ್ಪಿನ ಲೆಕ್ಕಕ್ಕೆ ಬರೆದುಬಿಡಬಾರದು. ತಡವಾದರೆ ನರಗಳಿಗೆ ಆದ ಕೆಡುಕು ಪೂರ್ತಿ ವಾಸಿಯಾಗುವುದಿಲ್ಲ. ಬಿ-12 ಕೊರತೆಯಲ್ಲಿ ಬರೀ ಫೋಲಿಕ್ ಆಮ್ಲ ಕೊಟ್ಟರೆ ರಕ್ತ ಏರಿದಂತೆ ಕಂಡರೂ ನರ ಒಳಗೊಳಗೆ ಕೆಡುತ್ತದೆ. ಆದುದರಿಂದ ಪರೀಕ್ಷೆಯಿಲ್ಲದೆ ಅಂಗಡಿಯಿಂದ ಟಾನಿಕ್ ತಂದು ಕುಡಿಯುವುದು ನನಗೆ ಒಪ್ಪಿಗೆಯಿಲ್ಲ.

ಈಗ ಹುಟ್ಟಿನಿಂದ ಬರುವ ದೋಷಗಳ ವಿಷಯ. ಸಿಕಲ್ ಸೆಲ್ ರೋಗ, ಅಂದರೆ ಕುಡುಗೋಲು ಕಣದ ರೋಗ. ದುಂಡಗಿರಬೇಕಾದ ಕೆಂಪು ಕಣ ಕುಡುಗೋಲಿನಂತೆ ಬಾಗಿ ಗಟ್ಟಿಯಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಭಾರತದಲ್ಲಿ ಇದನ್ನು ಮೊದಲು ಗುರುತಿಸಿದ್ದು 1952ರಲ್ಲಿ, ನಮ್ಮ ಗಡಿಗೆ ಅಂಟಿದ ನೀಲಗಿರಿಯ ಬುಡಕಟ್ಟುಗಳಲ್ಲಿ, ಲೇಮನ್ ಮತ್ತು ಕಟ್‌ಬುಷ್ ಎಂಬ ವಿಜ್ಞಾನಿಗಳು. ಮೈಸೂರು, ಚಾಮರಾಜನಗರ, ಕೊಡಗು ಜಿಲ್ಲೆಗಳ ಕಾಡಂಚಿನ ಹಾಡಿಗಳಲ್ಲಿಯೂ ಇದುಂಟು. ಮಲೇರಿಯ ಹೆಚ್ಚಾಗಿದ್ದ ಕಾಡುಗಳಲ್ಲಿ ಈ ಗುಣವನ್ನು ಒಂದು ಪಾಲು ಮಾತ್ರ ಹೊತ್ತವರು ಮಲೇರಿಯದಿಂದ ಸಾಯುವುದು ಕಡಮೆಯಾದುದರಿಂದ ಅದು ಅಲ್ಲಿ ಉಳಿದುಬಂತು. ಎರಡು ಪಾಲೂ ಬಂದವರಿಗೆ ಮಾತ್ರ ರೋಗ. ಕೂಸಿನ ಕೈಕಾಲು ಬೆರಳುಗಳು ಇದ್ದಕ್ಕಿದ್ದಂತೆ ಊದಿ ನೋಯುವುದು, ಎಲುಬು ಸೀಳುವಂಥ ನೋವು ಆಗಾಗ ಬಂದು ಹೋಗುವುದು, ಕಣ್ಣು ಹಳದಿಯಾಗುವುದು. ಹಳದಿ ಕಂಡು ಕಾಮಾಲೆ ಎಂದು ಬರೆ ಹಾಕಿಸಿದ, ಪಥ್ಯ ಮಾಡಿಸಿದ ಮಕ್ಕಳನ್ನು ನಾನು ನೋಡಿದ್ದೇನೆ. ಅಂಥ ಮಗುವಿಗೆ ಬೇಕಾದದ್ದು ಧಾರಾಳವಾದ ನೀರು, ಚಳಿಯಿಂದ ರಕ್ಷಣೆ, ಜ್ವರ ಬಂದ ದಿನವೇ ಆಸ್ಪತ್ರೆ. ನೋವಿನ ಸರದಿಯನ್ನು ತಗ್ಗಿಸುವ ಹೈಡ್ರಾಕ್ಸಿಯೂರಿಯ ಎಂಬ ಔಷಧವೂ ಇದೆ. 2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಬುಡಕಟ್ಟು ಪ್ರದೇಶಗಳಲ್ಲಿ 40 ವರ್ಷದವರೆಗಿನವರಿಗೆ ಇದರ ಪರೀಕ್ಷೆ ನಡೆಯುತ್ತಿದೆ. ಕಾರ್ಯಕರ್ತೆಯರು ಹಾಡಿಗೆ ಬಂದಾಗ ಕಾಡಿಗೆ ಹೋಗಿ ಅವಿತುಕೊಳ್ಳಬೇಡಿ.

ತಲಸೀಮಿಯ ಇದಕ್ಕೆ ದಾಯಾದಿ. ಇದು ಯಾವ ಜಾತಿಯಲ್ಲಿಯೂ ಇರಬಹುದು. ನಮ್ಮ ದೇಶದಲ್ಲಿ ನೂರಕ್ಕೆ ಮೂರು ನಾಲ್ಕು ಮಂದಿ ಇದರ ಒಂದು ಪಾಲನ್ನು ಹೊತ್ತು ಆರೋಗ್ಯವಾಗಿಯೇ ಇದ್ದಾರೆ. ತಮಗೆ ಅದಿದೆಯೆಂದು ಅವರಿಗೇ ಗೊತ್ತಿರುವುದಿಲ್ಲ. ಅಂಥ ಗಂಡು, ಅಂಥದೇ ಹೆಣ್ಣು ಮದುವೆಯಾದರೆ ಪ್ರತಿ ಬಸಿರಿನಲ್ಲಿಯೂ ನಾಲ್ಕರಲ್ಲಿ ಒಂದು ಪಾಲು ಅಪಾಯ, ಕೂಸಿಗೆ ಪೂರ್ಣರೋಗ ಬರಬಹುದು. ಆರು ತಿಂಗಳಿಂದ ಎರಡು ವರ್ಷದೊಳಗೆ ಮಗು ಬಿಳಿಚುತ್ತದೆ, ಗುಲ್ಮ ಬೆಳೆದು ಹೊಟ್ಟೆ ಉಬ್ಬುತ್ತದೆ. ಆಮೇಲೆ ಎರಡು ನಾಲ್ಕು ವಾರಗಳಿಗೊಮ್ಮೆ ಬೇರೆಯವರ ರಕ್ತ ಹಾಕಿಸುತ್ತಲೇ ಇರಬೇಕು, ಅದರಿಂದ ಮೈಯಲ್ಲಿ ಕೂಡುವ ಕಬ್ಬಿಣವನ್ನು ತೆಗೆಯಲು ಬೇರೆ ಔಷಧ ಬೇಕು. ಇಂಥ ಮಗುವಿಗೆ ಕಬ್ಬಿಣದ ಟಾನಿಕ್ ಕುಡಿಸುವುದು ಉರಿಯುವ ಒಲೆಗೆ ಸೌದೆ ಹಾಕಿದಂತೆ. ರಕ್ತಹೀನತೆ ಒಂದು ರೋಗದ ಹೆಸರಲ್ಲ ಎಂದು ಮೊದಲೇ ಹೇಳಿದ್ದು ಇದಕ್ಕಾಗಿಯೇ. ಮಾತ್ರೆ ಕ್ರಮವಾಗಿ ನುಂಗಿದರೆ ತಿಂಗಳಿಗೆ ಸುಮಾರು ಒಂದು ಗ್ರಾಂ ಏರಬೇಕು. ಏರದಿದ್ದರೆ ಮಾತ್ರೆ ಹೆಚ್ಚಿಸುವುದಲ್ಲ, ಕಾರಣ ಹುಡುಕಬೇಕು. ಹೀಮೊಗ್ಲೋಬಿನ್ನಿನ ಬಗೆಯನ್ನೇ ತಿಳಿಸುವ ಬೇರೆ ರಕ್ತಪರೀಕ್ಷೆಯಿದೆ, ಅದನ್ನು ಕೇಳಿ ಮಾಡಿಸಿ. ಅಕ್ಕನ ಮಗಳು, ಸೋದರತ್ತೆಯ ಮಗ ಎಂದು ಒಳಸಂಬಂಧ ಬೆಳೆಸುವ ಮನೆಗಳಲ್ಲಿ ಒಂದೇ ದೋಷದ ಎರಡು ಪಾಲು ಕೂಡುವ ಸಂಭವ ಹೆಚ್ಚು. ಸಂಬಂಧ ಬೇಡವೆಂದು ಹೇಳುವ ಅಧಿಕಾರ ನನಗಿಲ್ಲ, ಜಾತಕದ ಜೊತೆಗೆ ಈ ಪರೀಕ್ಷೆಯ ಚೀಟಿಯೂ ಇರಲಿ ಎಂದಷ್ಟೇ ಕೇಳುತ್ತೇನೆ.

ಹೀಮೋಫಿಲಿಯ ಎಂಬುದರಲ್ಲಿ ರಕ್ತ ಕಡಮೆಯಿಲ್ಲ, ಹೆಪ್ಪುಗಟ್ಟುವ ಗುಣ ಕಡಮೆ. ತಾಯಿ ಹೊತ್ತು ತರುತ್ತಾಳೆ, ನರಳುವವರು ಹೆಚ್ಚಾಗಿ ಗಂಡುಮಕ್ಕಳು. ಹಲ್ಲು ಕೀಳಿಸಿದಾಗ, ಕಿವಿ ಚುಚ್ಚಿಸಿದಾಗ ರಕ್ತ ನಿಲ್ಲದಿದ್ದರೆ, ಅಂಬೆಗಾಲಿಡುವ ಕೂಸಿನ ಮೊಣಕಾಲು ಸುಮ್ಮಸುಮ್ಮನೆ ಊದಿದರೆ ಅನುಮಾನಪಡಿ. ಅಂಥವರಿಗೆ ಆಸ್ಪಿರಿನ್ ಕೊಡಬಾರದು, ಮಾಂಸಖಂಡಕ್ಕೆ ಸೂಜಿ ಹಾಕಿಸಬಾರದು, ಮೊಣಕಾಲನ್ನು ಎಣ್ಣೆ ಹಚ್ಚಿ ತಿಕ್ಕಬಾರದು. ಹೆಣ್ಣುಮಕ್ಕಳಿಗೂ ಹೆಪ್ಪುಗಟ್ಟುವ ದೋಷಗಳು ಬರುತ್ತವೆ. ದೊಡ್ಡವಳಾದ ಹೊಸದರಲ್ಲಿಯೇ ಮುಟ್ಟು ಏಳು ದಿನ ಮೀರಿ, ಗಂಟೆಗೊಂದು ಬಟ್ಟೆ ನೆನೆಯುವಂತಿದ್ದರೆ ನಾಚಿಕೊಳ್ಳದೆ ತೋರಿಸಿ. ಇನ್ನುಳಿದವು: ಜ್ವರದ ಜೊತೆ ಮೈಮೇಲೆ ಕೆಂಪು ಚುಕ್ಕೆ, ವಸಡಿನಲ್ಲಿ ರಕ್ತ ಕಂಡರೆ ಡೆಂಗ್ಯೂ ಇರಬಹುದು. ಮಗು ವಾರಗಟ್ಟಲೆ ಜ್ವರದಲ್ಲಿ ಬಿಳಿಚಿ, ಕತ್ತಿನಲ್ಲಿ ಗಂಟು ಕಟ್ಟಿದರೆ ರಕ್ತದ ಕ್ಯಾನ್ಸರು ಇರಬಹುದು. ಎರಡರಲ್ಲಿಯೂ ಮನೆಮದ್ದಿಗೆ ಒಂದು ದಿನವೂ ಕಳೆಯಬಾರದು. ಐವತ್ತು ದಾಟಿದ ಗಂಡಸು ಬಿಳಿಚಿದರೆ ಊಟವನ್ನು ದೂರುವ ಮೊದಲು ಎಲ್ಲಿಂದ ರಕ್ತ ಸೋರುತ್ತಿದೆ ಎಂದು ನೋಡಬೇಕು. ಮೂಲವ್ಯಾಧಿ, ಮೈಕೈ ನೋವಿನ ಮಾತ್ರೆಯಿಂದಾದ ಹೊಟ್ಟೆಹುಣ್ಣು, ಕರುಳಿನ ಗಡ್ಡೆ ಯಾವುದೂ ಆಗಿರಬಹುದು. ಟಾರಿನಂತೆ ಕಪ್ಪಗೆ ಅಂಟಂಟಾದ ಮಲ ಅದರ ಗುರುತು.

ಕಡೆಯದಾಗಿ ಬಸುರಿ ಬಾಣಂತಿಯರ ಮಾತು. ಸಹಜ ಹೆರಿಗೆಯಲ್ಲಿಯೂ ಅರ್ಧ ಲೀಟರಿನವರೆಗೆ ರಕ್ತ ಹೋಗಬಹುದು. ರಕ್ತ ತುಂಬಿದ ಹೆಣ್ಣು ಅದನ್ನು ತಡೆದುಕೊಳ್ಳುತ್ತಾಳೆ. ಹೀಮೊಗ್ಲೋಬಿನ್ 6 ಇಟ್ಟುಕೊಂಡು ಹೆರಿಗೆಗೆ ಕೂತವಳಿಗೆ ಅಷ್ಟೇ ರಕ್ತ ಹೋದರೂ ಪ್ರಾಣಕ್ಕೆ ಬರುತ್ತದೆ. ಆ ರಾತ್ರಿ ಆಂಬುಲೆನ್ಸಿಗೆ ಪರದಾಡುವ ಗಂಡ, ಅದಕ್ಕೆ ಆರು ತಿಂಗಳ ಹಿಂದೆ ದಿನಕ್ಕೊಂದು ಮಾತ್ರೆ ನುಂಗಿದೆಯಾ ಎಂದು ಕೇಳಿದ್ದರೆ ಸಾಕಾಗಿತ್ತು. ನಾಲ್ಕನೆಯ ತಿಂಗಳಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ, ಇದು ಕ್ರಮ. ಪ್ರತಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವಿರುತ್ತದೆ. ರಕ್ತ ಆಗಲೇ ಕಡಮೆಯಿದ್ದರೆ ವೈದ್ಯರು ಎರಡು ಮಾತ್ರೆ ಹೇಳಬಹುದು, ಇಲ್ಲವೆ ನರಕ್ಕೆ ಕಬ್ಬಿಣದ ಔಷಧ ಏರಿಸಬಹುದು. ಹೆರಿಗೆಯಾದೊಡನೆ ಹೊಕ್ಕುಳ ಬಳ್ಳಿಯನ್ನು ಕತ್ತರಿಸಲು ಒಂದರಿಂದ ಮೂರು ನಿಮಿಷ ತಡೆದರೆ ತಾಯಿಯ ಮಾಸಿನಲ್ಲಿದ್ದ ರಕ್ತ ಕೂಸಿಗೆ ಹರಿದು, ಅದರ ಮುಂದಿನ ತಿಂಗಳುಗಳಿಗೆ ಕಬ್ಬಿಣದ ಗಂಟಾಗುತ್ತದೆ. ಶಾಲೆಯ ಮಕ್ಕಳಿಗೆ, ಹದಿಹರೆಯದವರಿಗೆ ವಾರಕ್ಕೊಂದು ಮಾತ್ರೆ, ಚಿಕ್ಕವರಿಗೆ ವಾರಕ್ಕೆರಡು ಸಲ ಸಿರಪ್ಪು ಅಂಗನವಾಡಿ ಶಾಲೆಗಳ ಮೂಲಕ ಸಿಗುತ್ತದೆ.

ಭಾಷಣದ ಮೇಲೆ ನೀವು ಕೇಳಿದ ಕೆಲವು ಪ್ರಶ್ನೆಗಳಿಗೆ ಉತ್ತರ ಕೊಡುತ್ತೇನೆ.

ಮಾತ್ರೆ ನುಂಗಿದರೆ ಮಗು ಕಪ್ಪಾಗುತ್ತದೆಯೆ ಎಂದು ಹಿಂದಿನ ಸಾಲಿನಿಂದ ಒಬ್ಬ ತಾಯಿ ಕೇಳಿದರು. ಇಲ್ಲಮ್ಮ. ಕಪ್ಪಾಗುವುದು ಮಲ ಮಾತ್ರ. ಮೈಗೆ ಹತ್ತದೆ ಉಳಿದ ಕಬ್ಬಿಣ ಹೊರಗೆ ಹೋಗುವುದರಿಂದ ಹಾಗಾಗುತ್ತದೆ, ಹೆದರಬೇಕಾದದ್ದಿಲ್ಲ. ಮಗುವಿನ ಬಣ್ಣ ತಂದೆ ತಾಯಿಯದು.

ಹೊಟ್ಟೆ ತೊಳಸುತ್ತದೆ, ಮಲ ಕಟ್ಟುತ್ತದೆ, ಏನು ಮಾಡಲಿ? ರಾತ್ರಿ ಊಟವಾದ ಒಂದು ಗಂಟೆಯ ಮೇಲೆ ನುಂಗಿ ಮಲಗಿ. ನಿಂಬೆಹಣ್ಣಿನ ನೀರಿನೊಡನೆ ನುಂಗಬಹುದು, ಹಾಲು, ಕಾಫಿ, ಸುಣ್ಣದ ಮಾತ್ರೆಯೊಡನೆ ಬೇಡ. ಕ್ಯಾಲ್ಸಿಯಂ ಮಾತ್ರೆಯನ್ನು ಬೇರೆ ಹೊತ್ತಿಗೆ ಇಟ್ಟುಕೊಳ್ಳಿ. ಆಗಲೂ ತಾಳದಿದ್ದರೆ ವೈದ್ಯರಿಗೆ ಹೇಳಿ, ತಾವಾಗಿಯೇ ನಿಲ್ಲಿಸಬೇಡಿ. ಡಬ್ಬಿಯನ್ನು ಮಕ್ಕಳ ಕೈಗೆಟುಕದಂತೆ ಮೇಲಿಡಿ. ಕೆಂಪು ಮಾತ್ರೆ ಪೆಪ್ಪರಮಿಂಟಿನಂತೆ ಕಾಣುತ್ತದೆ. ಒಂದು ಹಿಡಿ ನುಂಗಿದ ಮಗುವಿಗೆ ಅದು ವಿಷ, ಒಡನೆ ಆಸ್ಪತ್ರೆಗೆ ಒಯ್ಯಬೇಕು.

ರಕ್ತ ಕೊಟ್ಟರೆ ನಿಶ್ಶಕ್ತಿ ಬರುವುದಿಲ್ಲವೆ ಎಂದು ಯುವಕರೊಬ್ಬರು ಕೇಳಿದರು. ಹೀಮೊಗ್ಲೋಬಿನ್ 12.5 ಮತ್ತು ತೂಕ 45 ಕಿಲೋ ಇಲ್ಲದವರಿಂದ ತೆಗೆದುಕೊಳ್ಳುವುದೇ ಇಲ್ಲ. ತೆಗೆಯುವುದು ಸಾಮಾನ್ಯವಾಗಿ 350 ಮಿಲಿಲೀಟರ್. ಮತ್ತೆ ಕೊಡಲು ಗಂಡಸರು 90 ದಿನ, ಹೆಂಗಸರು 120 ದಿನ ತಡೆಯಬೇಕು. ತಲಸೀಮಿಯದ ಮಗು ಬದುಕಿರುವುದು ನಿಮ್ಮಂಥವರು ಕೊಟ್ಟ ರಕ್ತದಿಂದಲೇ.

ಸಿಕಲ್ ಸೆಲ್ಲಿನ ಒಂದು ಪಾಲು ಇರುವ ಹುಡುಗಿಯನ್ನು ಮನೆಗೆ ತರಬಾರದೆ ಎಂಬುದು ಕೊನೆಯ ಪ್ರಶ್ನೆ. ಧಾರಾಳವಾಗಿ ತನ್ನಿ. ಅದು ಅಂಟುರೋಗವಲ್ಲ, ಅವಳು ರೋಗಿಯೂ ಅಲ್ಲ. ನಿಮ್ಮ ಹುಡುಗನ ರಕ್ತದಲ್ಲಿ ಆ ಪಾಲಾಗಲಿ ತಲಸೀಮಿಯದ ಪಾಲಾಗಲಿ ಇಲ್ಲದಿದ್ದರೆ ಹುಟ್ಟುವ ಮಕ್ಕಳಿಗೆ ಆ ರೋಗ ಬರುವುದಿಲ್ಲ. ಇಬ್ಬರಲ್ಲಿಯೂ ಇದ್ದರೆ ಬಸಿರಿನ ಮೊದಲ ತಿಂಗಳುಗಳಲ್ಲಿಯೇ ಜಿಲ್ಲಾ ಆಸ್ಪತ್ರೆಯ ವೈದ್ಯರನ್ನು ಕಾಣಬೇಕು, ಕೂಸಿಗೆ ರೋಗ ಬಂದಿದೆಯೆ ಎಂದು ಎಲ್ಲಿ ಪರೀಕ್ಷಿಸುತ್ತಾರೆಂದು ಅವರು ತಿಳಿಸುತ್ತಾರೆ. ಆದುದರಿಂದ ಹುಡುಗಿಯದನ್ನು ಕೇಳುವ ಮೊದಲು ಹುಡುಗನ ರಕ್ತ ಪರೀಕ್ಷೆ ಮಾಡಿಸಿ.